ಮೋಡೆಮ್ ಕೊಳ್ಳುವ ಮೊದಲು ತಂತಿಯನ್ನು ನೋಡಬೇಕು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ ಅಪ್ಪಟ ಬಯಲುಸೀಮೆಯ ಊರು. ಎರೆಭೂಮಿ, ಬಿಳಿಜೋಳ, ನಿಂಬೆಯ ತೋಟ, ನಲವತ್ತು ಡಿಗ್ರಿ ದಾಟುವ ಬೇಸಿಗೆ, ಬಂದರೆ ಬಂತು ಇಲ್ಲವಾದರೆ ಇಲ್ಲ ಎನ್ನುವ ಮಳೆ. ಘಟ್ಟದ ಹಳ್ಳಿಗೂ ತಾಂಬಾಕ್ಕೂ ಮಣ್ಣಿನಲ್ಲಾಗಲಿ ಬೆಳೆಯಲ್ಲಾಗಲಿ ಹೋಲಿಕೆಯೇ ಇಲ್ಲ. ಆದರೂ ಒಂದು ವಿಷಯದಲ್ಲಿ ಎರಡೂ ಕಡೆಯ ಜನರ ಪಾಡು ಒಂದೇ ಆಗಿದೆ. ದೂರವಾಣಿಯ ತಂತಿ ರಾಜಧಾನಿಯಿಂದ ಹೊರಟು ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಊರಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಆ ದಣಿದ ತಂತಿಯ ತುದಿಯಲ್ಲಿ ಕುಳಿತವರು ಯಾವ ಯಂತ್ರವನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ಘಟ್ಟದ ಮೇಲೂ ಎದ್ದಿತ್ತು, ಭೀಮಾತೀರದ ಬಯಲಿನಲ್ಲೂ ಎದ್ದಿತ್ತು.

1990ರ ದಶಕದ ಕೊನೆ ಮತ್ತು 2000ದ ದಶಕದ ಮೊದಲ ವರ್ಷಗಳಲ್ಲಿ ಸಹಕಾರಿ ಸಂಘ, ಶಾಲೆ, ಮುದ್ರಣಾಲಯ, ಹೋರಾಟ ಸಮಿತಿ ಹೀಗೆ ಎಲ್ಲಿ ಒಂದು ಕಂಪ್ಯೂಟರ್ ಬಂದು ಕುಳಿತರೂ ಮರುದಿನವೇ ಕೇಳಿಬರುತ್ತಿದ್ದ ಪ್ರಶ್ನೆ ಅದು: ಯಾವ ಫ್ಯಾಕ್ಸ್ ಮೋಡೆಮ್ ಕೊಳ್ಳುವುದು? ಪೇಟೆಯ ಉತ್ತರ ಸಿದ್ಧವಾಗಿರುತ್ತಿತ್ತು. 14.4ಕ್ಕಿಂತ 28.8 ಮೇಲು, ಅದಕ್ಕಿಂತ 33.6 ಮೇಲು, ಎಲ್ಲಕ್ಕಿಂತ 56 ಮೇಲು. ಈ ಉತ್ತರ ನಗರದ ತಂತಿಗೆ ಒಪ್ಪುವಂಥದು. ಹಳ್ಳಿಯ ಮಟ್ಟಿಗೆ ತಪ್ಪು ಉತ್ತರ. ತಾಮ್ರದ ತಂತಿಯ ಕಾಲ ಮುಗಿಯುತ್ತ ಬಂದಿರುವ ಇಂದು ಹಳೆಯ ಮಾತನ್ನು ಮತ್ತೆ ತೆಗೆಯಲು ಕಾರಣವಿದೆ. ಯಂತ್ರಗಳು ಬದಲಾದರೂ ಅವುಗಳನ್ನು ಆರಿಸುವಾಗ ಮಾಡುವ ತಪ್ಪು ಬದಲಾಗಿಲ್ಲ.

ಯಂತ್ರ ಮಾಡುವ ಕೆಲಸ

ದೂರವಾಣಿಯ ತಂತಿಯನ್ನು ಮನುಷ್ಯನ ಮಾತಿಗಾಗಿ ರೂಪಿಸಲಾಯಿತು. ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿ ಮಾತ್ರ ಅದರಲ್ಲಿ ಸರಿಯಾಗಿ ಸಾಗುತ್ತದೆ. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಈ ಕಿರಿದಾದ ಧ್ವನಿಯ ದಾರಿಯಲ್ಲಿ ಹಾಯಿಸಿ, ಆ ಕಡೆಯಲ್ಲಿ ಮತ್ತೆ ಸೊನ್ನೆ-ಒಂದುಗಳಾಗಿ ಬಿಡಿಸುವುದು ಮೋಡೆಮ್‌ನ ಕೆಲಸ. ಚಿತ್ರವನ್ನು ತಂತಿಯ ಮೂಲಕ ಕಳಿಸುವ ಯೋಚನೆಯಾದರೋ ದೂರವಾಣಿಗಿಂತಲೂ ಹಳೆಯದು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1843ರಲ್ಲೇ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ಬೆಲ್‌ನ ದೂರವಾಣಿಯ ಹಕ್ಕುಪತ್ರ ಬಂದದ್ದು 1876ರಲ್ಲಿ. ಜಗತ್ತಿನ ಎಲ್ಲ ಫ್ಯಾಕ್ಸ್ ಯಂತ್ರಗಳೂ ಪರಸ್ಪರ ಮಾತಾಡಬಲ್ಲ ಗ್ರೂಪ್ 3 ಎಂಬ ನಿಯಮಾವಳಿ 1980ರಲ್ಲಿ ರೂಪುಗೊಂಡಿತು. ಹಾಳೆಯ ಅಗಲವನ್ನು 1,728 ಚುಕ್ಕೆಗಳಾಗಿ ವಿಂಗಡಿಸಿ, ಪ್ರತಿ ಚುಕ್ಕೆ ಕಪ್ಪೋ ಬಿಳಿಯೋ ಎಂದು ಹೇಳುತ್ತ ಹೋಗುವುದೇ ಅದರ ಸಾರ. ಫ್ಯಾಕ್ಸ್ ಮೋಡೆಮ್ ಇದನ್ನೇ ಕಾಗದವಿಲ್ಲದೆ, ಕಂಪ್ಯೂಟರಿನ ಪುಟದಿಂದ ನೇರವಾಗಿ ಮಾಡುತ್ತದೆ.

ಪೆಟ್ಟಿಗೆಯ ಮೇಲಿನ ಸಂಖ್ಯೆ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುತ್ತಿದ್ದ 56 ಸಾವಿರದ ಸಂಖ್ಯೆಗೂ ಫ್ಯಾಕ್ಸಿಗೂ ಸಂಬಂಧವೇ ಇರಲಿಲ್ಲ. 56 ಸಾವಿರದ ವಿ.90 ನಿಯಮ 1998ರಲ್ಲಿ ಬಂದಿತು. ಅದು ಅಂತರಜಾಲಕ್ಕೆ ಮಾತ್ರ. ಅದೇ ಮೋಡೆಮ್ ಫ್ಯಾಕ್ಸ್ ಕಳಿಸಲು ತೊಡಗಿದಾಗ ಸಾಮಾನ್ಯವಾಗಿ ಅದರ ಗರಿಷ್ಠ ವೇಗ ಸೆಕೆಂಡಿಗೆ 14,400 ಬಿಟ್. ಅಂತರಜಾಲದ ವಿಷಯದಲ್ಲಿಯೂ ಆ ದೊಡ್ಡ ಸಂಖ್ಯೆ ಅರ್ಧಸತ್ಯವೇ ಆಗಿತ್ತು. ಸೇವೆ ಕೊಡುವವನ ಕಡೆಯಿಂದ ಬಳಸುವವನ ಕಡೆಗೆ ಬರುವ ಮಾಹಿತಿಗೆ ಮಾತ್ರ ಆ ವೇಗ. ಬಳಸುವವನು ಕಳಿಸುವ ಮಾಹಿತಿಗೆ ವಿ.90ರಲ್ಲಿ 33,600 ಬಿಟ್ಟೇ ಮಿತಿ. ನಡುವಿನ ಎಲ್ಲ ವಿನಿಮಯ ಕೇಂದ್ರಗಳೂ ಡಿಜಿಟಲ್ ಆಗಿರಬೇಕು, ಮನೆಯ ತಂತಿ ಚಿಕ್ಕದೂ ಶುದ್ಧವೂ ಆಗಿರಬೇಕು ಎಂಬ ಷರತ್ತು ಬೇರೆ. ಆಜ್ಞೆಗಳನ್ನು ಸ್ವೀಕರಿಸುವವರಿಗೆ ಒಂದು ವೇಗ, ಅಹವಾಲು ಕಳಿಸುವವರಿಗೆ ಇನ್ನೊಂದು ವೇಗ ಎಂಬ ಈ ವ್ಯವಸ್ಥೆಯನ್ನು ಹಳ್ಳಿಯವರು ಬೇರೆ ಕಡೆಯೂ ಕಂಡಿದ್ದಾರೆ.

ಒಂದು ಸಣ್ಣ ಲೆಕ್ಕ ಇಲ್ಲಿ ಉಪಯುಕ್ತ. ಎ4 ಅಳತೆಯ ಹಾಳೆಯನ್ನು ಸೂಕ್ಷ್ಮ ವಿಧಾನದಲ್ಲಿ ಕಳಿಸುವಾಗ ಸುಮಾರು 39 ಲಕ್ಷ ಚುಕ್ಕೆಗಳಾಗುತ್ತವೆ. ಅದನ್ನು ಸಂಕ್ಷೇಪಿಸಿದಾಗ ಹತ್ತರಲ್ಲೊಂದು ಪಾಲಿಗೆ ಇಳಿಯಿತು ಎಂದಿಟ್ಟುಕೊಂಡರೆ 3.9 ಲಕ್ಷ ಬಿಟ್. 14,400ರ ವೇಗದಲ್ಲಿ ಇದಕ್ಕೆ 27 ಸೆಕೆಂಡು ಸಾಕು; 9,600ರಲ್ಲಿ 41, 4,800ರಲ್ಲಿ 81, 2,400ರಲ್ಲಿ 163 ಸೆಕೆಂಡು ಬೇಕು. ಅಂದರೆ ಅತಿ ನಿಧಾನದ ತಂತಿಯಲ್ಲಿಯೂ ಒಂದು ಪುಟ ಮೂರು ನಿಮಿಷದೊಳಗೆ ದೆಹಲಿ ಮುಟ್ಟುತ್ತದೆ. ನಿಜವಾದ ನಷ್ಟ ನಿಧಾನದಿಂದ ಆಗುತ್ತಿರಲಿಲ್ಲ. ನಡುದಾರಿಯಲ್ಲಿ ಕಡಿದುಹೋಗುವ ಕರೆಯಿಂದ ಆಗುತ್ತಿತ್ತು. ಎರಡನೆಯ ಪುಟದ ಅರ್ಧದಲ್ಲಿ ಕಡಿದರೆ ಮತ್ತೆ ಮೊದಲಿನಿಂದ ಆರಂಭ, ಮತ್ತೆ ಎಸ್‌ಟಿಡಿ ಶುಲ್ಕ. ದೇಶದೊಳಗೆ ಎಲ್ಲಿಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಬಿಎಸ್‌ಎನ್‌ಎಲ್ ಯೋಜನೆ ಬಂದದ್ದು 2006ರ ಮಾರ್ಚ್ 1ರಂದು. ಅದಕ್ಕೆ ಮೊದಲು ಕಡಿದ ಕರೆಗೆಲ್ಲ ಬಡವರ ಕಿಸೆಯೇ ಹೊಣೆ.

ತಂತಿಯ ಗುಣ

ಹಳ್ಳಿಯ ದೂರವಾಣಿಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಸ್ಥಾನವಿದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಗ್ರಾಮಗಳಿಗಾಗಿಯೇ ರೂಪಿಸಿದ 128 ಸಂಪರ್ಕಗಳ ವಿನಿಮಯ ಕೇಂದ್ರ ಮೊದಲು ನೆಲೆಗೊಂಡದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಅದಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ. ಧೂಳು, ಬಿಸಿಲುಗಳನ್ನು ತಾಳಿಕೊಳ್ಳುವಂತೆ ಅದನ್ನು ಕಟ್ಟಲಾಗಿತ್ತು. ಯಂತ್ರವನ್ನು ಊರಿನ ಸ್ಥಿತಿಗೆ ಹೊಂದಿಸಬೇಕೇ ಹೊರತು ಊರನ್ನು ಯಂತ್ರಕ್ಕೆ ಹೊಂದಿಸಲಾಗದು ಎಂಬ ವಿವೇಕ ಅದರಲ್ಲಿತ್ತು. ಮೋಡೆಮ್ ಆಯ್ಕೆಗೂ ಇದೇ ವಿವೇಕ ಬೇಕಾಗಿತ್ತು.

ವಿನಿಮಯ ಕೇಂದ್ರ ಚೆನ್ನಾಗಿದ್ದರೂ ಅಲ್ಲಿಂದ ಮನೆಗೆ ಬರುವ ತಾಮ್ರದ ಜೋಡಿ ಮಲೆನಾಡಿನಲ್ಲಿ ಮರದಿಂದ ಮರಕ್ಕೆ ಜೋತಾಡುತ್ತಿತ್ತು. ಮಳೆಗಾಲದಲ್ಲಿ ಪ್ರತಿ ಬೆಸುಗೆಯಲ್ಲೂ ನೀರಿಳಿದು ಗೊರಗೊರ ಸದ್ದು ಕೇಳುತ್ತಿತ್ತು. ಬಯಲಿನಲ್ಲಿ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ನೆಲದೊಳಗಿನ ಕೇಬಲ್ಲಿಗೆ ಬೇರೆ ಬಗೆಯ ಕಷ್ಟ. ಕೆಲವು ಹಳ್ಳಿಗಳಿಗೆ ತಂತಿಯೇ ಇರಲಿಲ್ಲ. ಹಲವು ಊರುಗಳು ಹಂಚಿಕೊಳ್ಳುವ ರೇಡಿಯೊ ಕೊಂಡಿಯಿಂದ ದೂರವಾಣಿ ನಡೆಯುತ್ತಿತ್ತು. ಅದರಲ್ಲಿ ಮಾತು ಹೇಗೋ ಕೇಳಿಸುತ್ತಿತ್ತು, ಮೋಡೆಮ್‌ನ ಸೂಕ್ಷ್ಮ ಸಂಕೇತ ಮಾತ್ರ ಹದಗೆಡುತ್ತಿತ್ತು.

ಹೀಗಿರುವಾಗ ಮೊದಲು ಮಾಡಬೇಕಾದ ಪರೀಕ್ಷೆಗೆ ಬಿಡಿಗಾಸೂ ಬೇಕಿರಲಿಲ್ಲ. ರಿಸೀವರ್ ಎತ್ತಿ ಒಂದು ಅಂಕಿಯನ್ನು ಒತ್ತಿ, ಡಯಲ್ ಸದ್ದು ನಿಂತ ಮೇಲೆ ಉಳಿಯುವ ಮೌನವನ್ನು ಕಿವಿಗೊಟ್ಟು ಕೇಳುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಂದಾಗ ಒಮ್ಮೆ. ಆ ಮೌನ ಶುದ್ಧವಾಗಿದ್ದರೆ ಯಾವ ಮೋಡೆಮ್ ಆದರೂ ನಡೆದೀತು. ಅದರಲ್ಲಿ ಸಿಡಿತ, ಗುಂಯ್‌ಗುಡುವಿಕೆ ಇದ್ದರೆ ಎಷ್ಟು ದುಬಾರಿಯ ಮೋಡೆಮ್ ತಂದರೂ ಅದು ಕೆಳಗಿನ ವೇಗಕ್ಕೇ ಇಳಿಯುತ್ತದೆ. ಆಗ ಹುಡುಕಬೇಕಾದ ಗುಣಗಳೇ ಬೇರೆ. ತಂತಿ ಹದಗೆಟ್ಟಾಗ ಕರೆಯನ್ನು ಕಡಿಯದೆ 14,400ರಿಂದ 9,600ಕ್ಕೆ, ಅಲ್ಲಿಂದ 4,800ಕ್ಕೆ, 2,400ಕ್ಕೆ ತಾಳ್ಮೆಯಿಂದ ಇಳಿಯುವ ಗುಣ ಒಂದು. ತಪ್ಪಾಗಿ ತಲುಪಿದ ಭಾಗವನ್ನಷ್ಟೇ ಮತ್ತೆ ಕೇಳಿ ಪಡೆಯುವ ದೋಷ ತಿದ್ದುವ ವ್ಯವಸ್ಥೆ ಇನ್ನೊಂದು. ವೇಗವಾಗಿ ಓಡುವ ಎತ್ತಿಗಿಂತ ಕೆಸರಿನಲ್ಲಿ ಕಾಲೂರಿ ನಡೆಯುವ ಎತ್ತು ಒಕ್ಕಲುತನಕ್ಕೆ ಮೇಲು ಎಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಳಗಿನದೋ, ಹೊರಗಿನದೋ

ಕಂಪ್ಯೂಟರಿನ ಒಳಗೆ ಕೂರಿಸುವ ಕಾರ್ಡಿನ ರೂಪದ ಮೋಡೆಮ್ ಅಗ್ಗ. ಹೊರಗಿನ ಪೆಟ್ಟಿಗೆ ದುಬಾರಿ. ಹಣದ ಅಡಚಣೆ ಇರುವ ಸಂಘ ಅಗ್ಗದ್ದನ್ನು ಕೊಳ್ಳುವುದು ಸಹಜ. ಆದರೆ 1990ರ ದಶಕದ ಕೊನೆಯಲ್ಲಿ ಬಂದ ಅಗ್ಗದ ಒಳಮೋಡೆಮ್‌ಗಳಲ್ಲಿ ಬಹುಪಾಲು ಅರೆಮೋಡೆಮ್‌ಗಳು. ಸಂಕೇತವನ್ನು ಬಿಡಿಸುವ ಚಿಪ್ಪನ್ನೇ ತೆಗೆದುಹಾಕಿ, ಆ ಕೆಲಸವನ್ನು ಕಂಪ್ಯೂಟರಿನ ಮುಖ್ಯ ಸಂಸ್ಕಾರಕದ ಮೇಲೆ ಹೊರಿಸಲಾಗಿತ್ತು. ವಿಂಡೋಸ್‌ಗಾಗಿ ಬರೆದ ತಂತ್ರಾಂಶವಿಲ್ಲದೆ ಅವು ಅಲುಗುತ್ತಿರಲಿಲ್ಲ; ಲಿನಕ್ಸ್ ಬಳಸಲು ಹೊರಟ ವಿದ್ಯಾರ್ಥಿಗಳಿಗೆ ಅವು ತಲೆನೋವಾದವು. ದಾನವಾಗಿ ಬಂದ ಹಳೆಯ ಕಂಪ್ಯೂಟರಿಗೆ ಇಂಥ ಕಾರ್ಡನ್ನು ಹಾಕಿದರೆ, ಫ್ಯಾಕ್ಸ್ ಹೋಗುತ್ತಿರುವಾಗ ಇನ್ನೊಂದು ಕೆಲಸ ಆರಂಭಿಸಿದೊಡನೆ ಕರೆ ಕಡಿಯುವ ಭಯ. ಅಗ್ಗದ ಬೆಲೆಯ ಉಳಿದರ್ಧವನ್ನು ಕಂಪ್ಯೂಟರ್ ತೆರುತ್ತಿತ್ತು.

ಹೊರಗಿನ ಪೆಟ್ಟಿಗೆಗೆ ತನ್ನದೇ ಚಿಪ್ಪು, ತನ್ನದೇ ವಿದ್ಯುತ್ತು, ಮುಂಬದಿಯಲ್ಲಿ ಸಾಲುದೀಪ. ಯಾವ ದೀಪ ಹೊತ್ತಿದೆ ಎಂಬುದನ್ನು ನೋಡಿ ತಂತಿ ಸಿಕ್ಕಿದೆಯೇ, ಮಾಹಿತಿ ಹೋಗುತ್ತಿದೆಯೇ ಎಂದು ಹೈಸ್ಕೂಲು ಹುಡುಗಿಯೂ ಹೇಳಬಲ್ಲಳು. ರಿಪೇರಿಗೆ ಪೆಟ್ಟಿಗೆಯನ್ನು ಮಾತ್ರ ಬಸ್ಸಿನಲ್ಲಿ ಪೇಟೆಗೆ ಒಯ್ದರೆ ಸಾಕು. ಹಳೆಯ ಕಂಪ್ಯೂಟರಾದರೆ ಅದರ ಸರಣಿ ಕಿಂಡಿಯಲ್ಲಿ 16550 ಜಾತಿಯ ಚಿಪ್ಪಿದೆಯೇ ಎಂದು ನೋಡಬೇಕಾಗುತ್ತಿತ್ತು. ಅದಕ್ಕಿಂತ ಹಳೆಯ ಚಿಪ್ಪು ಒಂದೊಂದೇ ಅಕ್ಷರವನ್ನು ಹಿಡಿದುಕೊಳ್ಳಬಲ್ಲದಾದ್ದರಿಂದ ವೇಗದ ಮೋಡೆಮ್‌ನ ಎದುರು ಅಕ್ಷರಗಳು ಸೋರಿಹೋಗುತ್ತಿದ್ದವು.

ಎಲ್ಲಕ್ಕಿಂತ ಮುಖ್ಯವಾದುದು ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೆ ಘಟ್ಟವೆಂದೂ ಬಯಲೆಂದೂ ಭೇದವಿಲ್ಲ. ದೂರದಲ್ಲಿ ಬಿದ್ದ ಸಿಡಿಲಿನ ಹೊಡೆತವೂ ಉದ್ದನೆಯ ದೂರವಾಣಿ ತಂತಿಯ ಮೂಲಕ ಹರಿದುಬರುತ್ತದೆ. ಒಳಗಿನ ಕಾರ್ಡಿನ ಮೂಲಕ ಬಂದರೆ ಅದು ಮುಖ್ಯ ಫಲಕವನ್ನೇ ಸುಡಬಲ್ಲದು. ಹೊರಗಿನ ಪೆಟ್ಟಿಗೆ ಇದ್ದರೆ ಅನೇಕ ಬಾರಿ ಅದು ತಾನು ಸತ್ತು ಕಂಪ್ಯೂಟರನ್ನು ಉಳಿಸುತ್ತದೆ. ಯಾವ ಪೆಟ್ಟಿಗೆ ಇದ್ದರೂ ಮೋಡ ಕವಿದೊಡನೆ ದೂರವಾಣಿಯ ತಂತಿ, ವಿದ್ಯುತ್ತಿನ ತಂತಿ ಎರಡನ್ನೂ ಕೀಳುವುದೇ ನಂಬಬಹುದಾದ ರಕ್ಷಣೆ. ಇಂದಿನ ರೂಟರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ಕನ್ನಡದ ಪ್ರಶ್ನೆ

ಫ್ಯಾಕ್ಸ್ ಮೋಡೆಮ್‌ನ ಒಂದು ಉಪಕಾರವನ್ನು ಇಂದಿನವರು ಮರೆತಿದ್ದಾರೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ಸಾಮಾನ್ಯ ಜನರ ಕಂಪ್ಯೂಟರಿನಲ್ಲಿ ಅದು ಕಾಣಿಸಿಕೊಂಡದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಬಳಕೆಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಬರಹ, ನುಡಿ, ಶ್ರೀಲಿಪಿ ಮೊದಲಾದವು ಜನರಿಗೆ ಕನ್ನಡ ಬರೆಯುವ ಶಕ್ತಿ ಕೊಟ್ಟವು, ನಿಜ. ಆದರೆ ಒಂದರಲ್ಲಿ ಬರೆದ ಪತ್ರ ಆ ಅಕ್ಷರಮಾದರಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಕನ್ನಡದ ಇ-ಮೇಲ್ ತಲುಪಿದರೂ ಓದಲಾಗದ ಕಾಲದಲ್ಲಿ ಫ್ಯಾಕ್ಸ್ ಮಾತ್ರ ಕನ್ನಡವನ್ನು ಕನ್ನಡವಾಗಿಯೇ ತಲುಪಿಸಿತು. ಅದು ಅಕ್ಷರವನ್ನು ಚಿತ್ರವಾಗಿ ಒಯ್ಯುವುದರಿಂದ ಅದಕ್ಕೆ ಎಲ್ಲ ಲಿಪಿಗಳೂ ಸಮಾನ.

ಅಲ್ಲಿಯೂ ಒಂದು ಎಚ್ಚರ ಅಗತ್ಯವಿತ್ತು. ಫ್ಯಾಕ್ಸಿನ ಸಾಮಾನ್ಯ ವಿಧಾನ ಮಿಲಿಮೀಟರಿಗೆ 3.85 ಗೆರೆಗಳನ್ನಷ್ಟೇ ನೋಡುತ್ತದೆ. ಸೂಕ್ಷ್ಮ ವಿಧಾನ 7.7 ಗೆರೆಗಳನ್ನು ನೋಡುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಮೊದಲನೆಯದು ಸಾಕಾದೀತು. ಕನ್ನಡದ ಒತ್ತಕ್ಷರಗಳು, ಮಹಾಪ್ರಾಣದ ಸೀಳುಗಳು ಅದರಲ್ಲಿ ಮಸಿಯ ಚುಕ್ಕೆಯಾಗಿ ಕೂಡಿಹೋಗುತ್ತವೆ. ಸರ್ವೆ ನಂಬರು, ರೈತನ ಹೆಸರು ಇರುವ ಅರ್ಜಿಯಲ್ಲಿ ಒಂದು ಒತ್ತು ಕಾಣದಿದ್ದರೆ ಹೆಸರೇ ಬೇರೆಯಾಗುತ್ತದೆ. ಆದ್ದರಿಂದ ಸಮಯ ಇಮ್ಮಡಿಯಾದರೂ ಸೂಕ್ಷ್ಮ ವಿಧಾನದಲ್ಲೇ, ದೊಡ್ಡ ಅಕ್ಷರದಲ್ಲೇ ಕಳಿಸಬೇಕೆಂಬುದು ಕನ್ನಡಿಗರ ಮಟ್ಟಿಗೆ ಕಡ್ಡಾಯ ನಿಯಮವಾಗಿತ್ತು. ಪೇಟೆಯ ಜಾಹೀರಾತುಗಳಲ್ಲಿ ಈ ವಿಚಾರಕ್ಕೆ ಜಾಗವಿರಲಿಲ್ಲ.

ಅರವತ್ತು ದಿನಗಳು ಮತ್ತು ಒಂದು ಚೀಟಿ

ಪರಿಸರ ಸಂರಕ್ಷಣಾ ಕಾಯಿದೆಯಡಿ ಹೊರಡುವ ಕರಡು ಅಧಿಸೂಚನೆಗಳಿಗೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಕಾಶ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2014ರಿಂದ 2024ರ ಜುಲೈ 31ರವರೆಗೆ ಆರು ಬಾರಿ ಹೊರಬಿದ್ದಿದೆ. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆ ಕರಡನ್ನು ಬೆಂಬಲಿಸುವವರಿರಲಿ ವಿರೋಧಿಸುವವರಿರಲಿ, ಇಬ್ಬರ ಮಾತೂ ಗಡುವಿನೊಳಗೆ ತಲುಪಿದರೆ ಮಾತ್ರ ಮಾತು. ಹಳ್ಳಿಗೆ ಸುದ್ದಿ ಮುಟ್ಟುವಾಗಲೇ ಅರ್ಧ ಅವಧಿ ಕಳೆದಿರುತ್ತದೆ. ಸಭೆ ಸೇರಿ, ಬರೆದು, ಸಹಿ ಹಾಕಿಸಿ ಅಂಚೆಗೆ ಹಾಕುವಷ್ಟರಲ್ಲಿ ಉಳಿದರ್ಧವೂ ಮುಗಿಯಬಹುದು.

ಇಂಥ ಕೊನೆಯ ದಿನಗಳಲ್ಲಿ ಫ್ಯಾಕ್ಸ್ ಕೊಡುತ್ತಿದ್ದ ದೊಡ್ಡ ವಸ್ತುವೆಂದರೆ ಒಂದು ಸಣ್ಣ ಚೀಟಿ. ಯಾವ ಸಂಖ್ಯೆಗೆ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಪುಟ ಹೋಯಿತು ಎಂಬ ವರದಿ ಅದರಲ್ಲಿರುತ್ತಿತ್ತು. ಫ್ಯಾಕ್ಸ್ ಮೋಡೆಮ್‌ನ ತಂತ್ರಾಂಶವೂ ಅದನ್ನು ಅಚ್ಚು ಮಾಡಿಕೊಡುತ್ತಿತ್ತು. ಪತ್ರ ಬಂದಿಲ್ಲ ಎನ್ನುವ ಕಚೇರಿಯ ಎದುರು ಹಳ್ಳಿಯವರ ಕೈಯಲ್ಲಿ ಒಂದು ಆಧಾರವಿತ್ತು. ಆ ಚೀಟಿ ಶಾಖಕಾಗದದ್ದಾಗಿದ್ದರೆ ಅದನ್ನು ಅಂದೇ ಝೆರಾಕ್ಸ್ ಮಾಡಿಸಬೇಕಿತ್ತು. ತಾಂಬಾದ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯಲ್ಲಿಟ್ಟ ಶಾಖಕಾಗದ ಬಹುಕಾಲ ಓದಲು ಸಿಗದು. ಫ್ಯಾಕ್ಸ್ ಮೋಡೆಮ್‌ಗೆ ಎರಡು ಕೊರತೆಗಳಿದ್ದವು ಎಂಬುದನ್ನೂ ಒಪ್ಪಬೇಕು. ಕಂಪ್ಯೂಟರ್ ಚಾಲೂ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಫ್ಯಾಕ್ಸನ್ನು ಸ್ವೀಕರಿಸುತ್ತಿರಲಿಲ್ಲ. ಸಹಿ ಹಾಕಿದ ಕಾಗದವನ್ನು ಕಳಿಸಲು ಸ್ಕ್ಯಾನರ್ ಬೇಕಾಗುತ್ತಿತ್ತು. ವಿದ್ಯುತ್ತು ಹೋಗಿ ಬರುವ ಊರಿನಲ್ಲಿ ಕಳಿಸುವ ಕೆಲಸವೇ ಹೆಚ್ಚಾಗಿದ್ದ ಸಂಘಕ್ಕೆ ಮೋಡೆಮ್ ಒಪ್ಪುತ್ತಿತ್ತು, ಸ್ವೀಕರಿಸುವ ಕೆಲಸ ಹೆಚ್ಚಿದ್ದಲ್ಲಿ ಬಿಡಿ ಫ್ಯಾಕ್ಸ್ ಯಂತ್ರವೇ ಮೇಲಾಗಿತ್ತು.

ಉತಾರಕ್ಕಾಗಿ ನಡೆದ ದಾರಿ

ತಂತಿಯನ್ನು ಮರೆತು ಯಂತ್ರವನ್ನು ಮಾತ್ರ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದ್ದೇ ಒಂದು ದೊಡ್ಡ ಉದಾಹರಣೆಯಿದೆ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. 2002ರ ಹೊತ್ತಿಗೆ ಆಗಿನ ಎಲ್ಲ 177 ತಾಲ್ಲೂಕುಗಳಲ್ಲೂ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಬಿಜಾಪುರದ ಕಡೆ ಉತಾರ ಎಂದು ಕರೆಯುವ ಈ ಕಾಗದಕ್ಕಾಗಿ ತಲಾಟಿಯ ಮನೆಯ ಬಾಗಿಲು ಕಾಯುವುದು ತಪ್ಪಿತು, ತಿದ್ದುಪಡಿಯ ಮೋಸ ಕಡಿಮೆಯಾಯಿತು. ಇದು ದೊಡ್ಡ ಸುಧಾರಣೆಯೇ ಸರಿ. ಆದರೆ ಕೈಬರಹದ ಉತಾರದ ಮಾನ್ಯತೆ ಹೋದ ಮೇಲೆ, ಊರಲ್ಲೇ ಸಿಗುತ್ತಿದ್ದ ಕಾಗದಕ್ಕೆ ತಾಂಬಾದ ರೈತ ಇಂಡಿಗೆ ಹೋಗಬೇಕಾಯಿತು. ಬಸ್ಸಿನ ಖರ್ಚು, ಹೋದ ದಿನದ ಕೂಲಿ ಎರಡೂ 15 ರೂಪಾಯಿಯ ಲೆಕ್ಕದಲ್ಲಿ ಸೇರಿರಲಿಲ್ಲ. ಕಂಪ್ಯೂಟರ್ ತಾಲ್ಲೂಕಿಗೆ ಬಂದಿತ್ತು, ತಂತಿ ಅಲ್ಲಿಗೇ ನಿಂತಿತ್ತು. ಹೋಬಳಿ ಮಟ್ಟದಲ್ಲಿ ಸುಮಾರು 800 ನೆಮ್ಮದಿ ಕೇಂದ್ರಗಳು ಆರಂಭವಾಗಲು 2006ರ ಆಸುಪಾಸಿನವರೆಗೆ ಕಾಯಬೇಕಾಯಿತು.

ಇಂದಿನ ಆಯ್ಕೆ

ಇಂದು ಹೊಸದಾಗಿ ಫ್ಯಾಕ್ಸ್ ಮೋಡೆಮ್ ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ, ಬೇಡ ಎಂಬುದೇ ಪ್ರಾಮಾಣಿಕ ಉತ್ತರ. ತಾಮ್ರದ ಬದಲು ಬೆಳಕಿನ ಎಳೆ ಬರುತ್ತಿದೆ; ಅದರ ಮೇಲಿನ ದೂರವಾಣಿ ಮಾತನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಯ್ಯುತ್ತದೆ. ಟಿ.38 ಎಂಬ ವಿಶೇಷ ನಿಯಮವನ್ನು ಎರಡೂ ಕಡೆಯವರು ಪಾಲಿಸದಿದ್ದರೆ ಅಲ್ಲಿ ಫ್ಯಾಕ್ಸ್ ಅನೇಕ ಬಾರಿ ಸೋಲುತ್ತದೆ. ಕಚೇರಿಯ ಕಾಗದದ ತಲೆಯಲ್ಲಿ ಫ್ಯಾಕ್ಸ್ ಸಂಖ್ಯೆ ಅಚ್ಚಾಗಿದೆ ಎಂದ ಮಾತ್ರಕ್ಕೆ ಅಲ್ಲಿ ಯಂತ್ರ ಉಸಿರಾಡುತ್ತಿದೆ ಎಂದು ತಿಳಿಯಬೇಕಾಗಿಲ್ಲ. ಮೊದಲು ಕರೆ ಮಾಡಿ ಅದರ ಕೂಗನ್ನು ಕೇಳಬೇಕು. ಕಪಾಟಿನಲ್ಲಿ ಉಳಿದಿರುವ ಹಳೆಯ ಮೋಡೆಮ್‌ಗಳ ಬೆಸುಗೆಯಲ್ಲಿ ಸೀಸವಿರುತ್ತದೆ; ಅವನ್ನು ಹಳ್ಳಕ್ಕೆ ಎಸೆಯುವುದಾಗಲಿ ಸುಡುವುದಾಗಲಿ ಕೂಡದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅವು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು.

ಆದರೆ ಮೋಡೆಮ್ ಕಲಿಸಿದ ಪಾಠಗಳು ಹಳತಾಗಿಲ್ಲ. ಇಂದು ಜಾಹೀರಾತು 56 ಸಾವಿರದ ಬದಲು ನೂರು ಮೆಗಾಬಿಟ್ ಎನ್ನುತ್ತದೆ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ಎಳೆ ಮುಟ್ಟಿಸುವ, ಈಗ ಭಾರತ್‌ನೆಟ್ ಎಂಬ ಹೆಸರಿನ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಪಂಚಾಯಿತಿಯ ಗೋಡೆಗೆ ಪೆಟ್ಟಿಗೆ ಬಂತೇ ಎಂದು ಕೇಳಿದರೆ ಸಾಲದು. ಮಳೆಗಾಲದಲ್ಲಿ ಎಷ್ಟು ದಿನ ನಡೆಯಿತು, ಕರೆಂಟು ಹೋದಾಗ ಎಷ್ಟು ಹೊತ್ತು ಉಳಿಯಿತು, ಕೆಟ್ಟಾಗ ಯಾರು ಬಂದರು, ಊರಿನಿಂದ ಹೊರಗೆ ಕಳಿಸುವ ವೇಗ ಎಷ್ಟು ಎಂದು ಕೇಳಬೇಕು. ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಒಂದು ವರ್ಷ ಈ ನಾಲ್ಕು ಪ್ರಶ್ನೆಗಳಿಗೆ ದಿನಚರಿ ಇಟ್ಟರೆ, ಯಾವ ಜಾಹೀರಾತೂ ಹೇಳದ ಸತ್ಯ ಆ ಹಾಳೆಗಳಲ್ಲಿ ಸಿಗುತ್ತದೆ.

ಚೀಟಿಯ ಪಾಠ ಇನ್ನೂ ಗಂಭೀರವಾದುದು. 2020ರ ಪರಿಸರ ಪರಿಣಾಮ ಅಂದಾಜು ಕರಡಿನ ಸಂದರ್ಭದಲ್ಲಿ, ಜನರ ಭಾಷೆಯಲ್ಲಿ ಪ್ರಕಟವಾಗದ ಕರಡಿಗೆ ಜನರು ಹೇಗೆ ಉತ್ತರಿಸಬೇಕು ಎಂಬ ಪ್ರಶ್ನೆ ದೆಹಲಿ ಮತ್ತು ಕರ್ನಾಟಕ ಹೈಕೋರ್ಟುಗಳ ಮುಂದೆ ಬಂದಿತು. ದೆಹಲಿ ಹೈಕೋರ್ಟು ಆ ವರ್ಷದ ಜೂನ್ 30ರಂದು ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಕರಡನ್ನು ಅನುವಾದಿಸುವಂತೆ ಆದೇಶಿಸಿತು. ಕರಡು ಕನ್ನಡದಲ್ಲಿ ಬರಬೇಕೆಂಬುದು ಎಷ್ಟು ನ್ಯಾಯವೋ, ಕನ್ನಡದಲ್ಲಿ ಹೋದ ಉತ್ತರಕ್ಕೆ ದಿನಾಂಕ, ಗಂಟೆಗಳಿರುವ ಸ್ವೀಕೃತಿ ಸಿಗಬೇಕೆಂಬುದೂ ಅಷ್ಟೇ ನ್ಯಾಯ. ಹಳೆಯ ಫ್ಯಾಕ್ಸ್ ಯಂತ್ರ ಯಾರೂ ಕೇಳದೆಯೇ ಕೊಡುತ್ತಿದ್ದ ಆ ಚೀಟಿಯನ್ನು ಇಂದಿನ ಜಾಲತಾಣ, ಇ-ಮೇಲ್‌ಗಳು ಕೊಡದಿದ್ದರೆ, ವೇಗ ಎಷ್ಟೇ ಹೆಚ್ಚಿದ್ದರೂ ಹಳ್ಳಿಯವರ ಪಾಲಿಗೆ ಅದು ಹಿನ್ನಡೆಯೇ. ಗ್ರಾಮಸಭೆಗಳು ಪಂಚಾಯಿತಿಗಳಿಂದ ನಡೆಯುವ ತಂತಿಯನ್ನು ಕೇಳಲಿ. ಸರ್ಕಾರದಿಂದ, ಕಳಿಸಿದ ಪ್ರತಿ ಕನ್ನಡ ಅರ್ಜಿಗೂ ಚೀಟಿಯನ್ನು ಕೇಳಲಿ. ತಾಂಬಾದವರಿಗೂ ಘಟ್ಟದವರಿಗೂ ಈ ಬೇಡಿಕೆ ಒಂದೇ.